ಹಿಂದಿನ ಸ್ಕ್ಯಾನ್‌ನಲ್ಲಿ ಯಾಕೆ ಕಾಣಲಿಲ್ಲ?

ಗರ್ಭದಲ್ಲಿರುವ ಮಗುವಿಗೆ ಏನೋ ತೊಂದರೆ ಇದೆ ಎಂದು ಹೇಳಿದಾಗ ತಂದೆತಾಯಿ ಮೊದಲು ಕೇಳುವುದು ಮಗು ಉಳಿಯುತ್ತದಾ ಎಂದು. ಆಮೇಲೆ ಕೇಳುವುದು, ನಮ್ಮಿಂದ ಏನಾದರೂ ತಪ್ಪಾಯಿತಾ ಎಂದು. ಇನ್ನೊಂದು ಪ್ರಶ್ನೆ ಬಾಯಿಗೆ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಕೆಲವರು ಅವತ್ತೇ ಕೇಳುತ್ತಾರೆ. ಕೆಲವರು ಮನೆಗೆ ಹೋಗಿ, ಹಳೆಯ ರಿಪೋರ್ಟುಗಳನ್ನೆಲ್ಲ ಹರವಿಕೊಂಡು ಓದಿ, ಮತ್ತೆ ಬಂದು ಕೇಳುತ್ತಾರೆ. "ಡಾಕ್ಟ್ರೇ, ಹೋದ ಸಲ ಎಲ್ಲ ಸರಿಯಾಗಿದೆ ಅಂತ ಬರೆದಿದ್ದಾರಲ್ಲ, ಆಗ ಯಾಕೆ ಕಾಣಲಿಲ್ಲ?"

ಭ್ರೂಣದ ಸ್ಕ್ಯಾನ್ ಮಾಡುವುದೇ ನನ್ನ ಕೆಲಸ. ಈ ಪ್ರಶ್ನೆಗೆ ನಮ್ಮವರಲ್ಲಿ ಅನೇಕರು ಕೊಡುವ ಉತ್ತರದಿಂದ ನನಗೆ ಯಾವತ್ತೂ ಸಮಾಧಾನವಾಗಿಲ್ಲ. "ಸ್ಕ್ಯಾನ್‌ನಲ್ಲಿ ಎಲ್ಲವೂ ಕಾಣುವುದಿಲ್ಲಮ್ಮ" ಎಂದು ಹೇಳಿ ಮುಂದಿನ ಮಾತಿಗೆ ಹೋಗಿಬಿಡುತ್ತೇವೆ. ಮಾತು ಸುಳ್ಳಲ್ಲ. ಆದರೆ ಕೇಳಿದವರ ಕೈಗೆ ಏನೂ ಸಿಗುವುದಿಲ್ಲ, ಅನುಮಾನ ಮಾತ್ರ ಉಳಿಯುತ್ತದೆ. ನಿಜವಾಗಿ ನೋಡಿದರೆ ಆ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರಗಳಿವೆ. ಆಗ ಅದು ಅಲ್ಲಿ ಇರಲೇ ಇಲ್ಲ. ಅಥವಾ ಇತ್ತು, ಕಾಣುವ ಹಾಗಿರಲಿಲ್ಲ. ಅಥವಾ ಕಾಣುವ ಹಾಗೇ ಇತ್ತು, ನೋಡಿದವರು ಗುರುತಿಸಲಿಲ್ಲ. ತಮ್ಮ ಮಗುವಿನ ವಿಷಯದಲ್ಲಿ ಇದರಲ್ಲಿ ಯಾವುದು ನಿಜ ಎಂದು ತಿಳಿದುಕೊಳ್ಳುವ ಹಕ್ಕು ಪ್ರತಿ ತಂದೆತಾಯಿಗೂ ಇದೆ ಎಂದು ನಾನು ನಂಬಿದ್ದೇನೆ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಗರ್ಭದಲ್ಲಿರುವುದು ಪುಟ್ಟ ಗಾತ್ರದ ಪೂರ್ಣ ಮಗು, ದಿನ ಕಳೆದಂತೆ ದೊಡ್ಡದಾಗುತ್ತದೆ ಅಷ್ಟೇ ಎಂಬ ಕಲ್ಪನೆ ನಮ್ಮೆಲ್ಲರ ಮನಸ್ಸಿನಲ್ಲಿದೆ. ಸ್ಕ್ಯಾನ್‌ನ ಚಿತ್ರಗಳೂ ಅದಕ್ಕೆ ತಕ್ಕ ಹಾಗೇ ಇರುತ್ತವೆ. 12ನೇ ವಾರಕ್ಕೆಲ್ಲ ತಲೆ, ಮೂಗು, ಕೈಕಾಲು, ಬೆರಳು ಕಾಣತೊಡಗುತ್ತವೆ. ಆದರೆ ಒಳಗೆ ಕಟ್ಟುವ ಕೆಲಸ ಹೆರಿಗೆಯ ಹೊತ್ತಿನವರೆಗೂ ನಡೆದೇ ಇರುತ್ತದೆ, ಒಂದೊಂದು ಅಂಗಕ್ಕೂ ಅದರದೇ ವೇಳೆ ಇದೆ. ಮುಂದೆ ಮೆದುಳು, ಬೆನ್ನುಹುರಿ ಆಗಬೇಕಾದ ನರನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು 28ನೇ ದಿನಕ್ಕೆ. ಎಷ್ಟೋ ಹೆಂಗಸರಿಗೆ ಆ ಹೊತ್ತಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ಹೃದಯದ ನಾಲ್ಕು ಕೋಣೆಗಳು ಬೇರೆಯಾಗುವುದು 10ನೇ ವಾರದ ಹೊತ್ತಿಗೆ. ಮೆದುಳಿನ ಮಡಿಕೆಗಳು ಮೂಡುವುದಕ್ಕೆ ಮಾತ್ರ ಇನ್ನೂ ಎಷ್ಟೋ ತಿಂಗಳು ಬೇಕು.

ಆ ಮಡಿಕೆಗಳ ವಿಷಯವನ್ನೇ ತೆಗೆದುಕೊಳ್ಳಿ. 20ನೇ ವಾರದಲ್ಲಿ ಆರೋಗ್ಯವಾಗಿರುವ ಭ್ರೂಣದ ಮೆದುಳಿನ ಮೇಲ್ಮೈ ಹೆಚ್ಚುಕಡಿಮೆ ನುಣುಪಾಗಿರುತ್ತದೆ. ಒಂದೆರಡು ಮುಖ್ಯ ಸೀಳುಗಳು ಆಗತಾನೇ ಶುರುವಾಗಿರುತ್ತವೆ. ಲಿಸೆನ್ಸೆಫಲಿ ಎಂಬ ಅಪರೂಪದ ತೊಂದರೆಯಲ್ಲಿ ನರಕೋಶಗಳು ಮೆದುಳಿನ ಒಳಗಿನಿಂದ ಹೊರಪದರಕ್ಕೆ ಸರಿಯಾಗಿ ಸಾಗಿಬರದೆ, ಆ ನುಣುಪು ಹಾಗೇ ಉಳಿದುಬಿಡುತ್ತದೆ. ಹುಟ್ಟಿದ ಮೇಲೆ ಆ ಮಗುವಿಗೆ ಫಿಟ್ಸ್ ಬರುತ್ತದೆ, ಬೆಳವಣಿಗೆ ತೀರಾ ಹಿಂದುಳಿಯುತ್ತದೆ. ಇಷ್ಟು ಗಂಭೀರವಾದದ್ದು ಐದನೇ ತಿಂಗಳಲ್ಲಿ ಅಂಗಗಳ ದೋಷ ಹುಡುಕಲು ಮಾಡುವ ಅನಾಮಲಿ ಸ್ಕ್ಯಾನ್‌ನಲ್ಲಿ ಕಾಣಬೇಡವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಲ್ಲ ಮೆದುಳುಗಳೂ ನುಣುಪಾಗಿರುವ ವಾರದಲ್ಲಿ, ಮುಂದೆಯೂ ನುಣುಪಾಗಿಯೇ ಉಳಿಯಲಿರುವ ಒಂದನ್ನು ಬೇರೆ ಮಾಡಿ ತೋರಿಸುವುದು ಹೇಗೆ? ಏಳನೇ ತಿಂಗಳು ಕಳೆದ ಮೇಲೆ, ಮೂಡಬೇಕಾದ ಮಡಿಕೆಗಳು ಮೂಡಿಲ್ಲ ಎಂದು ಕಂಡಾಗಲೇ ಅದನ್ನು ನಂಬಿಕೆಯಿಂದ ಹೇಳಲು ಸಾಧ್ಯ. ಇದು ನಾನು ಹೇಳಿದ ಮೊದಲನೆಯ ಉತ್ತರ. ಜೀನ್‌ನಲ್ಲಿ ದೋಷ ಮೊದಲಿನಿಂದಲೂ ಇದ್ದಿರಬಹುದು, ಆದರೆ ಕಣ್ಣಿಗೆ ಕಾಣುವ ರೂಪದಲ್ಲಿ ಅದು ಅಲ್ಲಿ ಇನ್ನೂ ಇರಲಿಲ್ಲ.

ಮೆದುಳಿನ ಎಡಬಲ ಭಾಗಗಳನ್ನು ಸೇರಿಸುವ ಕಾರ್ಪಸ್ ಕೆಲೋಸಮ್ ಎಂಬ ನರಗಳ ಪಟ್ಟಿಯದೂ ಇದೇ ಕಥೆ. ಅದು 12ನೇ ವಾರದ ಆಸುಪಾಸು ಕಟ್ಟಿಕೊಳ್ಳಲು ಶುರುವಾಗಿ, ಪೂರ್ಣ ಆಕಾರಕ್ಕೆ ಬರುವುದು 18ರಿಂದ 20ನೇ ವಾರಕ್ಕೆ. ನಾವು ಸಾಮಾನ್ಯವಾಗಿ ತಲೆಯನ್ನು ಅಡ್ಡಡ್ಡ ಪದರಗಳಲ್ಲಿ ನೋಡುತ್ತೇವೆ. ಆ ಪದರಗಳಲ್ಲಿ ಕಾರ್ಪಸ್ ಕೆಲೋಸಮ್ ನೇರವಾಗಿ ಕಾಣುವುದೇ ಇಲ್ಲ. ಮುಂಭಾಗದಲ್ಲಿ, ನಡುಗೆರೆಯ ಮೇಲೆ, ದ್ರವ ತುಂಬಿದ ಒಂದು ಸಣ್ಣ ಆಯತಾಕಾರದ ಜಾಗ ಇರಬೇಕು. ಅದು ಕಾಣದಿದ್ದರೆ, ಮೆದುಳಿನೊಳಗಿನ ಕುಳಿಗಳು ಹಿಂದೆ ಅಗಲವಾಗಿ ಮುಂದೆ ಚೂಪಾಗಿ ಕಣ್ಣೀರ ಹನಿಯ ಆಕಾರಕ್ಕೆ ತಿರುಗಿದ್ದರೆ, ಆಗ ಅನುಮಾನ ಹುಟ್ಟುತ್ತದೆ. ಹೊಟ್ಟೆಯ ಮೇಲೆ ಆಡಿಸುವ ಸ್ಕ್ಯಾನ್ ಸಾಧನವನ್ನು, ಅಂದರೆ ಪ್ರೋಬನ್ನು ತಿರುಗಿಸಿ, ಮಗುವಿನ ನೆತ್ತಿಯ ಮೆತ್ತನೆಯ ಜಾಗದಿಂದ ಶಬ್ದದ ತರಂಗ ಒಳಗೆ ಹೋಗುವ ಹಾಗೆ ಮಾಡಿ, ತಲೆಯನ್ನು ಪಕ್ಕದಿಂದ ಸೀಳಿ ನೋಡಿದಂಥ ಚಿತ್ರ ತೆಗೆಯಬೇಕು. ಮಗು ಕವುಚಿ ಮಲಗಿದ್ದರೆ ಕಾಯಬೇಕು. ತಾಯಿಯನ್ನು ಎಬ್ಬಿಸಿ ಓಡಾಡಿ ಬರಲು ಹೇಳಬೇಕು. ತಲೆ ಕೆಳಗೆ ಇದ್ದರೆ ಯೋನಿಯ ಮೂಲಕ ನೋಡುವ ಪ್ರೋಬ್‌ನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟೆಲ್ಲ ಆಗಿ ಆ ಬಿಲ್ಲಿನಾಕಾರದ ಕಪ್ಪು ಪಟ್ಟಿ, ಅದರ ಮೇಲೇ ಬಾಗಿ ಹರಿಯುವ ರಕ್ತನಾಳ ಎರಡೂ ಕಂಡವು ಎಂದರೆ ಮನಸ್ಸು ಹಗುರಾಗುತ್ತದೆ. ಪಟ್ಟಿ ಇಲ್ಲ ಎಂದಾದರೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಭ್ರೂಣದ ಎಂಆರ್‌ಐ ಮತ್ತು ಜೀನ್ ಪರೀಕ್ಷೆಯಲ್ಲಿ ಬೇರೆ ಯಾವ ದೋಷವೂ ಸಿಗದೆ, ಇದೊಂದೇ ಇದೆ ಎಂದು ಖಚಿತವಾದರೆ, ಅಂಥ ಮಕ್ಕಳಲ್ಲಿ ಬಹುಪಾಲು ಸಹಜವಾಗಿಯೇ ಬೆಳೆಯುತ್ತಾರೆ. ಯಾವ ಮಗು ಆ ಬಹುಪಾಲಿನಲ್ಲಿದೆ ಎಂದು ಗರ್ಭದಲ್ಲಿರುವಾಗ ಬೆರಳಿಟ್ಟು ತೋರಿಸಲು ಯಾರಿಗೂ ಆಗುವುದಿಲ್ಲ. ತಂದೆತಾಯಿಗೆ ಈ ಮಾತು ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಮೂಳೆಯ ತೊಂದರೆಗಳಲ್ಲಿ ಈ ವೇಳೆಯ ಲೆಕ್ಕ ಇನ್ನೂ ವಿಚಿತ್ರ. ಎಫ್‌ಜಿಎಫ್‌ಆರ್3 ಎಂಬ ಒಂದೇ ಜೀನ್‌ನಲ್ಲಿ ಆಗುವ ಬೇರೆ ಬೇರೆ ಬದಲಾವಣೆಗಳಿಂದ ಎರಡು ತೀರಾ ಬೇರೆಯಾದ ಸ್ಥಿತಿಗಳು ಬರುತ್ತವೆ. ಒಂದು ಥನಟೋಫೋರಿಕ್ ಡಿಸ್ಪ್ಲಾಸಿಯ. ಇದರಲ್ಲಿ ಕೈಕಾಲಿನ ಮೂಳೆಗಳು ತೀರಾ ಗಿಡ್ಡ, ತೊಡೆಮೂಳೆ ಹಳೆಯ ಟೆಲಿಫೋನ್ ರಿಸೀವರ್‌ನಂತೆ ಬಾಗಿರುತ್ತದೆ, ಎದೆಗೂಡು ಎಷ್ಟು ಇಕ್ಕಟ್ಟೆಂದರೆ ಶ್ವಾಸಕೋಶ ಬೆಳೆಯಲು ಜಾಗವೇ ಇರುವುದಿಲ್ಲ. ಐದನೇ ತಿಂಗಳ ಒಳಗೇ ಕಂಡುಬಿಡುತ್ತದೆ. ಇನ್ನೊಂದು ಅಕಾಂಡ್ರೋಪ್ಲಾಸಿಯ. ಕುಳ್ಳ ದೇಹದ, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದ, ಓದಿ ದುಡಿದು ಸಂಸಾರ ನಡೆಸುವ ಎಷ್ಟೋ ಜನರಿಗೆ ಇರುವುದು ಇದೇ. ಇದರಲ್ಲಿ 20ನೇ ವಾರದ ಸ್ಕ್ಯಾನ್‌ನಲ್ಲಿ ತೊಡೆಮೂಳೆಯ ಅಳತೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆರನೇ ತಿಂಗಳು ದಾಟಿದ ಮೇಲೆ ಮೂಳೆಯ ಬೆಳವಣಿಗೆ ನಿಧಾನವಾಗಿ ಹಿಂದೆ ಬೀಳುತ್ತದೆ. ತಲೆ ತನ್ನ ಪಾಡಿಗೆ ಬೆಳೆಯುತ್ತಾ ಹೋಗುತ್ತದೆ, ಹಣೆ ಮುಂದಕ್ಕೆ ಬರುತ್ತದೆ. ಅಕಾಂಡ್ರೋಪ್ಲಾಸಿಯ ಇರುವ ಪ್ರತಿ ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳ ತಂದೆತಾಯಿ ಸಾಮಾನ್ಯ ಎತ್ತರದವರು. ಹಾಗಾಗಿ ಯಾರಿಗೂ ಮೊದಲೇ ಅನುಮಾನ ಬರಲು ಕಾರಣವೇ ಇರುವುದಿಲ್ಲ. ಎಂಟನೇ ತಿಂಗಳಲ್ಲಿ, ಬೆಳವಣಿಗೆ ಹೇಗಿದೆ ಎಂದು ಸುಮ್ಮನೆ ನೋಡಲು ಬಂದವರಿಗೆ ಈ ಸುದ್ದಿ ಸಿಗುತ್ತದೆ. ಐದನೇ ತಿಂಗಳಲ್ಲಿ ಅಳತೆ ಸರಿಯಾಗಿದೆ ಎಂದು ಬರೆದವರು ತಪ್ಪು ಬರೆದಿರಲಿಲ್ಲ.

ಡುವೊಡಿನಲ್ ಅಟ್ರೀಸಿಯ, ಅಂದರೆ ಜಠರದಿಂದ ಮುಂದಿನ ಕರುಳಿನ ದಾರಿ ಮುಚ್ಚಿರುವುದು, ಇದೂ ತಡವಾಗಿ ಕಾಣುವಂಥದ್ದು. ಮಗು ಗರ್ಭನೀರನ್ನು ಸಾಕಷ್ಟು ನುಂಗತೊಡಗಿದ ಮೇಲಷ್ಟೇ ದಾರಿಯ ಹಿಂದೆ ನೀರು ತುಂಬಿ, ಹೊಟ್ಟೆಯಲ್ಲಿ ಒಂದರ ಪಕ್ಕ ಒಂದು ಎರಡು ಕಪ್ಪು ಗುಳ್ಳೆಗಳು ಕಾಣುತ್ತವೆ. ಎರಡೂ ಕಿಡ್ನಿ ಇಲ್ಲದ ಮಗುವಿನಲ್ಲಂತೂ ನೀರಿನ ಲೆಕ್ಕ ನೋಡುವವರನ್ನು ದಾರಿ ತಪ್ಪಿಸುತ್ತದೆ. 16ನೇ ವಾರದ ತನಕ ಗರ್ಭನೀರಿನ ಬಹುಪಾಲು ಮಗುವಿನ ಮೂತ್ರದಿಂದ ಬಂದದ್ದಲ್ಲ. ಆದ್ದರಿಂದ ಕಿಡ್ನಿಯೇ ಇಲ್ಲದಿದ್ದರೂ 12-13ನೇ ವಾರದಲ್ಲಿ ನೀರು ಚೆನ್ನಾಗಿಯೇ ಇರುತ್ತದೆ. ಆಮೇಲೆ ಕೆಲವೇ ವಾರಗಳಲ್ಲಿ ನೀರು ಬತ್ತುತ್ತದೆ. ಅದರ ಮೇಲೆ, ಕಿಡ್ನಿ ಇರಬೇಕಾದ ಜಾಗದಲ್ಲಿ ಅಡ್ರಿನಲ್ ಗ್ರಂಥಿ ಚಪ್ಪಟೆಯಾಗಿ ಮಲಗಿ, ಅನುಭವವಿಲ್ಲದ ಕಣ್ಣಿಗೆ ಕಿಡ್ನಿಯ ಹಾಗೇ ಕಾಣುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿ, ಮಹಾಪಧಮನಿಯಿಂದ ಕಿಡ್ನಿಗೆ ಕವಲೊಡೆಯುವ ನಾಳಗಳು ಇವೆಯೇ ಎಂದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಹಾಗಾದರೆ ತಡವಾಗಿ ನೋಡಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಕೆಲವು ಸುಳಿವುಗಳು ಮೊದಲು ಕಂಡು ಆಮೇಲೆ ಮರೆಯಾಗುತ್ತವೆ. ಮೆಕೆಲ್-ಗ್ರೂಬರ್ ಸಿಂಡ್ರೋಮ್ ಎಂಬ ಅತಿ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ತಲೆಯ ಹಿಂಭಾಗದಲ್ಲಿ ಮೆದುಳು ಹೊರಚಾಚಿರುತ್ತದೆ, ಎರಡೂ ಕಿಡ್ನಿಗಳು ಊದಿ ನೀರ್ಗುಳ್ಳೆಗಳಿಂದ ತುಂಬಿರುತ್ತವೆ, ಕೈಕಾಲಿಗೆ ಹೆಚ್ಚುವರಿ ಬೆರಳಿರುತ್ತದೆ. 12ರಿಂದ 14ನೇ ವಾರದಲ್ಲಿ ನೀರು ಇನ್ನೂ ಇರುವುದರಿಂದ ಬೆರಳುಗಳನ್ನು ಎಣಿಸಬಹುದು. 20ನೇ ವಾರಕ್ಕೆ ಬಂದರೆ ನೀರು ಬತ್ತಿ, ಮಗು ಮುದುಡಿಕೊಂಡು, ಕೈ ಬಿಡಿಸಿ ನೋಡುವುದೇ ಕಷ್ಟ. ಎಂಥ ವ್ಯತ್ಯಾಸ ನೋಡಿ. ಈ ಕಾಯಿಲೆ ಮುಂದಿನ ಬಸಿರಿನಲ್ಲೂ ನಾಲ್ಕರಲ್ಲಿ ಒಂದರ ಸಾಧ್ಯತೆಯಲ್ಲಿ ಮರುಕಳಿಸಬಹುದು. ಬರೀ ತಲೆಯ ದೋಷ ಎಂದು ಬರೆದ ರಿಪೋರ್ಟು ಆ ತಂದೆತಾಯಿಗೆ ಈ ವಿಷಯ ಹೇಳುವುದಿಲ್ಲ. ಆರನೇ ಬೆರಳು ಕಂಡರೆ ಮಾತೇ ಬೇರೆಯಾಗುತ್ತದೆ.

ಬೆನ್ನುಮೂಳೆ ತೆರೆದಿರುವ ಸ್ಪೈನಾ ಬೈಫಿಡಾದಲ್ಲೂ ಹೀಗೇ. 1986ರಲ್ಲಿ ಲಂಡನ್ನಿನಲ್ಲಿ ಕಿಪ್ರೋಸ್ ನಿಕೊಲೈಡಿಸ್ ಮತ್ತು ಅವರ ಜೊತೆಯವರು ಒಂದು ವಿಷಯ ಗಮನಿಸಿ ಬರೆದರು. ಬೆನ್ನಿನ ಸಣ್ಣ ತೆರಪು ಕಣ್ತಪ್ಪಿದರೂ ತಲೆಯಲ್ಲಿ ಅದರ ಗುರುತು ಸಿಗುತ್ತದೆ. ಬೆನ್ನಿನಲ್ಲಿ ದ್ರವ ಸೋರಿ ಹಿಂಮೆದುಳು ಕೆಳಕ್ಕೆ ಜಗ್ಗಿರುತ್ತದೆ. ಇದರಿಂದ ಹಣೆಯ ಎರಡೂ ಬದಿ ಒಳಕ್ಕೆ ಬಾಗಿ ಬುರುಡೆ ನಿಂಬೆಹಣ್ಣಿನ ಆಕಾರ ತಾಳುತ್ತದೆ, ಕಿರುಮೆದುಳು ಬಾಳೆಹಣ್ಣಿನಂತೆ ಬಾಗುತ್ತದೆ. ಈಗಲೂ ನಾವು ರಿಪೋರ್ಟಿನಲ್ಲಿ ಲೆಮನ್ ಸೈನ್, ಬನಾನಾ ಸೈನ್ ಎಂದೇ ಬರೆಯುತ್ತೇವೆ. ಆ ನಿಂಬೆಯ ಆಕಾರ 24ನೇ ವಾರ ಕಳೆದಂತೆ ಹೆಚ್ಚಾಗಿ ಮಾಯವಾಗುತ್ತದೆ. ಬೆನ್ನಿನ ತೊಂದರೆ ಇದ್ದಲ್ಲೇ ಇರುತ್ತದೆ, ಅದನ್ನು ತೋರಿಸಿಕೊಡುತ್ತಿದ್ದ ಗುರುತು ಹೋಗಿರುತ್ತದೆ. ತೀರಾ ಬೇಗ ನೋಡಿದರೆ ಇನ್ನೊಂದು ಫಜೀತಿ. 12ನೇ ವಾರದ ತನಕ ಎಲ್ಲ ಭ್ರೂಣಗಳಲ್ಲೂ ಕರುಳಿನ ಒಂದು ಭಾಗ ಹೊಕ್ಕುಳ ಬಳ್ಳಿಯೊಳಗೆ ಹೊರಗಿದ್ದು ಆಮೇಲೆ ತಾನಾಗಿ ಒಳಗೆ ಹೋಗುತ್ತದೆ. ಹತ್ತನೇ ವಾರದಲ್ಲಿ ಅದನ್ನು ಕಂಡು ಗಾಬರಿಪಟ್ಟವರಿದ್ದಾರೆ.

ಎರಡನೆಯ ಉತ್ತರಕ್ಕೆ ಬರುತ್ತೇನೆ. ಇದ್ದರೂ ಕಾಣದಿರುವುದು. ಶಬ್ದದ ತರಂಗ ದೇಹದೊಳಗೆ ಹೋಗಿ, ತಾಗಿ, ಮರಳಿ ಬಂದದ್ದನ್ನು ಯಂತ್ರ ಚಿತ್ರವಾಗಿಸುತ್ತದೆ. ತಾಯಿಯ ಹೊಟ್ಟೆಯ ಕೊಬ್ಬು ಹೆಚ್ಚಿದ್ದರೆ ತರಂಗ ದಾರಿಯಲ್ಲೇ ಸೊರಗುತ್ತದೆ. ಮಗುವಿನ ಮೂಳೆಗಳು ಗಟ್ಟಿಯಾದಂತೆ ಅವುಗಳ ಹಿಂದೆ ಕಪ್ಪು ನೆರಳು ಬೀಳುತ್ತದೆ. ಬೆನ್ನು ಗರ್ಭಕೋಶದ ಗೋಡೆಗೆ ಒತ್ತಿಕೊಂಡಿದ್ದರೆ ಚರ್ಮ ಯಾವುದು, ಗೋಡೆ ಯಾವುದು ಎಂದು ಬಿಡಿಸಿ ಹೇಳಲಾಗದು. ಎದೆ ಮತ್ತು ಹೊಟ್ಟೆಯ ನಡುವಿನ ಪರೆಯಾದ ವಪೆಯಲ್ಲಿ ರಂಧ್ರವಿರುವ ಡಯಾಫ್ರಗ್ಮ್ಯಾಟಿಕ್ ಹರ್ನಿಯ ಇದಕ್ಕೆ ಒಳ್ಳೆಯ ಉದಾಹರಣೆ. ಇದು ಸುಮಾರು 2,500ರಿಂದ 3,000 ಹೆರಿಗೆಗಳಲ್ಲಿ ಒಂದಕ್ಕೆ ಬರುತ್ತದೆ. ರಂಧ್ರ ನೇರವಾಗಿ ಕಾಣುವುದು ಅಪರೂಪ. ನಮಗೆ ಕಾಣುವುದು ಅದರ ಪರಿಣಾಮ: ಹೃದಯ ಬಲಕ್ಕೆ ಸರಿದಿದೆ, ಅದರ ಪಕ್ಕದಲ್ಲೇ ಜಠರದ ಕಪ್ಪು ಗುಳ್ಳೆ ಕೂತಿದೆ. ಐದನೇ ತಿಂಗಳಲ್ಲಿ ರಂಧ್ರವಿದ್ದು, ಹೊಟ್ಟೆಯ ಅಂಗಗಳು ಇನ್ನೂ ಮೇಲೆ ಹೋಗಿರದಿದ್ದರೆ? ಎದೆ ಸಹಜವಾಗಿಯೇ ಕಾಣುತ್ತದೆ. ಎಂಟನೇ ತಿಂಗಳಲ್ಲಿ ಅದೇ ಮಗುವಿನ ಎದೆಯಲ್ಲಿ ಕರುಳು ಹೊರಳುತ್ತಿರುತ್ತದೆ.

ಮೂರನೆಯ ಉತ್ತರವನ್ನು ಹೇಳಲು ವೈದ್ಯರು ಹಿಂಜರಿಯುತ್ತಾರೆ. ಆದರೆ ಹೇಳಲೇಬೇಕು. ಹೃದಯದ ಮಹಾನಾಳಗಳು ಅದಲುಬದಲಾಗಿರುವ ಸ್ಥಿತಿಯನ್ನು ನೋಡಿ. ನಾಲ್ಕು ಕೋಣೆಗಳನ್ನು ತೋರಿಸುವ ಚಿತ್ರದಲ್ಲಿ ಆ ಹೃದಯ ಲಕ್ಷಣವಾಗಿಯೇ ಕಾಣುತ್ತದೆ. ಬಹಳ ಕಾಲ ಅಷ್ಟು ನೋಡಿದರೆ ಸಾಕು ಎಂಬ ರೂಢಿಯೇ ಇತ್ತು. ಪ್ರೋಬನ್ನು ಇನ್ನಷ್ಟು ಮೇಲಕ್ಕೆ, ಮಗುವಿನ ಕುತ್ತಿಗೆಯ ಕಡೆಗೆ ಸರಿಸಿದರೆ, ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಒಂದನ್ನೊಂದು ಅಡ್ಡ ಹಾಯಬೇಕು. ಅಡ್ಡ ಹಾಯದೆ ಸಮಾನಾಂತರವಾಗಿ ಹೊರಟಿದ್ದರೆ ರೋಗ ಸಿಕ್ಕಿತು. ಪ್ರೋಬ್ ಸರಿಸುವ ಆ ಸಣ್ಣ ಕೆಲಸ ಮಾಡಿದ್ದಾರೋ ಇಲ್ಲವೋ ಎಂಬುದರ ಮೇಲೆ ಮಗುವಿನ ಜೀವ ನಿಂತಿರುತ್ತದೆ. ಹುಟ್ಟುವ ಮೊದಲೇ ಗೊತ್ತಿದ್ದರೆ ಹೃದಯ ಶಸ್ತ್ರಚಿಕಿತ್ಸೆ ಇರುವಲ್ಲೇ ಹೆರಿಗೆ ಮಾಡಿಸಬಹುದು, ಹುಟ್ಟಿದ ಕೂಡಲೇ ಪ್ರೊಸ್ಟಗ್ಲಾಂಡಿನ್ ಔಷಧ ಶುರು ಮಾಡಬಹುದು. 1975ರಲ್ಲಿ ಬ್ರೆಜಿಲ್‌ನ ಅಡಿಬ್ ಜಟೇನೆ ಮೊದಲು ಮಾಡಿ ತೋರಿಸಿದ ಶಸ್ತ್ರಚಿಕಿತ್ಸೆಯಿಂದ ಇಂದು ಇಂಥ ಮಕ್ಕಳಲ್ಲಿ ಹೆಚ್ಚಿನವರು ಬದುಕುತ್ತಾರೆ. ಗೊತ್ತಿಲ್ಲದೆ ಹುಟ್ಟಿದರೆ, ಮೈ ನೀಲಿಯಾದಾಗಲೇ ಓಡಾಟ ಶುರು.

ನೋಡುವವರ ತರಬೇತಿ ಎಷ್ಟು ಮುಖ್ಯ ಎಂಬುದಕ್ಕೆ ಹಳೆಯ ಎರಡು ಅಧ್ಯಯನಗಳು ಸಾಕ್ಷಿ. 1993ರಲ್ಲಿ ಪ್ರಕಟವಾದ ಅಮೆರಿಕದ ರೇಡಿಯಸ್ ಅಧ್ಯಯನದಲ್ಲಿ, ಎಲ್ಲ ಗರ್ಭಿಣಿಯರಿಗೂ ಸ್ಕ್ಯಾನ್ ಮಾಡಿದ ಗುಂಪಿನಲ್ಲಿ, ದೋಷವಿದ್ದ ಭ್ರೂಣಗಳ ಪೈಕಿ ಪತ್ತೆಯಾದದ್ದು ಶೇಕಡ 35. ಕೆಲವು ವರ್ಷಗಳ ನಂತರ ಯುರೋಪಿನ ತರಬೇತಾದ ಕೇಂದ್ರಗಳಲ್ಲಿ ನಡೆದ ಯುರೋಫೀಟಸ್ ಅಧ್ಯಯನದಲ್ಲಿ ಅದು ಶೇಕಡ 61ರಷ್ಟಾಯಿತು. ಅಲ್ಲಿಂದೀಚೆಗೆ ಯಂತ್ರಗಳು ಎಷ್ಟೋ ಸುಧಾರಿಸಿವೆ. ಆದರೆ ಯಾವ ಯಂತ್ರವೂ ತಾನಾಗಿ ಹೃದಯದಿಂದ ಮೇಲಕ್ಕೆ ಸರಿಯುವುದಿಲ್ಲ. ಮಾರ್ಗಸೂಚಿಗಳಲ್ಲಿ ಯಾವ ಯಾವ ಚಿತ್ರ ತೆಗೆಯಬೇಕು ಎಂಬ ಪಟ್ಟಿ ಇದೆ. ಆ ಪಟ್ಟಿಯನ್ನು ಪ್ರತಿ ಮಗುವಿಗೂ, ದಿನದ ಕೊನೆಯ ಮಗುವಿಗೂ, ಮೊದಲಿನಿಂದ ಕೊನೆಯ ತನಕ ಪಾಲಿಸುವುದೇ ದೊಡ್ಡ ಕೆಲಸ. ಅಪರೂಪದ ಕಾಯಿಲೆಗಳ ಚಿತ್ರಗಳನ್ನೆಲ್ಲ ನೆನಪಿಟ್ಟುಕೊಂಡು ಯಾರೂ ಅವನ್ನು ಹಿಡಿಯುವುದಿಲ್ಲ. ಅವು ಸಾವಿರಾರು ಇವೆ, ಒಬ್ಬ ವೈದ್ಯ ತನ್ನ ಜೀವಮಾನದಲ್ಲಿ ಕೆಲವನ್ನು ಒಮ್ಮೆ ನೋಡಿದರೆ ಹೆಚ್ಚು. ಸಹಜವಾದದ್ದು ಹೇಗಿರುತ್ತದೆ ಎಂಬುದು ಕೈಗೆ, ಕಣ್ಣಿಗೆ ಹತ್ತಿಬಿಟ್ಟಿದ್ದರೆ, ಹೆಸರು ಗೊತ್ತಿಲ್ಲದ ದೋಷವೂ ಎದ್ದು ಕಾಣುತ್ತದೆ. ಹೆಸರು ಹುಡುಕುವುದು ಆಮೇಲಿನ ಕೆಲಸ, ಅದಕ್ಕೆ ಬೇರೆಯವರ ನೆರವು ಪಡೆಯಬಹುದು.

ಈ ವಿದ್ಯೆಗೇ ಇನ್ನೂ ಬಹಳ ವಯಸ್ಸಾಗಿಲ್ಲ ಎಂಬುದನ್ನೂ ಮರೆಯಬಾರದು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಕಾರ್ಖಾನೆಗಳಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಹೆಂಗಸರ ಹೊಟ್ಟೆಯ ಗೆಡ್ಡೆಗಳನ್ನು ನೋಡಲು ಬಳಸಿ, ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮೆಕ್‌ವಿಕಾರ್ ಜೊತೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದು 1958ರಲ್ಲಿ. ತಲೆಬುರುಡೆಯೇ ರೂಪುಗೊಳ್ಳದ ಅನೆನ್ಸೆಫಲಿಯನ್ನು ಸ್ಟುವರ್ಟ್ ಕ್ಯಾಂಪ್‌ಬೆಲ್ ಮತ್ತು ಅವರ ತಂಡ 17ನೇ ವಾರದಲ್ಲಿ ಪತ್ತೆ ಮಾಡಿ ವರದಿ ಮಾಡಿದ್ದು 1972ರಲ್ಲಿ. ಇಂದು ಅದನ್ನೇ 12ನೇ ವಾರದಲ್ಲಿ ನೋಡಬಹುದು. ಅದೂ ಒಂದು ಎಚ್ಚರಿಕೆಯೊಂದಿಗೆ. ಆ ವಾರಗಳಲ್ಲಿ ಮೆದುಳು ಇನ್ನೂ ಇರುತ್ತದೆ, ಬುರುಡೆ ಮಾತ್ರ ಇರುವುದಿಲ್ಲ. ಮುಚ್ಚಳವಿಲ್ಲದ ಆ ಮೆದುಳು ಗರ್ಭನೀರಿನಲ್ಲಿ ದಿನೇ ದಿನೇ ಸವೆದುಹೋಗುತ್ತದೆ. ತಲೆ ಇದೆ ಎಂದಷ್ಟೇ ನೋಡಿ ಬಿಟ್ಟರೆ ಸಾಲದು, ಅದರ ಸುತ್ತ ಬಿಳಿ ಗೆರೆಯಂತೆ ಮೂಳೆ ಇದೆಯೇ ಎಂದು ನೋಡಬೇಕು.

ಏನೋ ಕಂಡಿತು ಎಂದುಕೊಳ್ಳಿ. ಆಗ ಕೋಣೆಯಲ್ಲಿ ಏನಾಗುತ್ತದೆ ಎಂಬುದು ಎಷ್ಟೋ ದಂಪತಿಗಳಿಗೆ ವರ್ಷಗಟ್ಟಲೆ ನೆನಪಿರುತ್ತದೆ. ಅದುವರೆಗೆ "ಇದು ಕೈ, ಇದು ಪಾದ" ಎಂದು ಹೇಳುತ್ತಿದ್ದವರು ಸುಮ್ಮನಾಗುತ್ತಾರೆ. ಪ್ರೋಬ್ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಓಡಾಡುತ್ತದೆ. ತಾಯಿಗೆ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ನಾನು ಮಾತು ನಿಲ್ಲಿಸುವ ಮೊದಲೇ ಹೇಳುತ್ತೇನೆ, "ಇಲ್ಲಿ ಒಂದು ವಿಷಯ ಸರಿಯಾಗಿ ನೋಡಬೇಕಮ್ಮ, ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ, ನೋಡಿ ಮುಗಿದ ಕೂಡಲೇ ಕಂಡದ್ದನ್ನೆಲ್ಲ ಹೇಳುತ್ತೇನೆ." ಆಮೇಲೆ ಜೆಲ್ ಒರೆಸಿಕೊಂಡು ಅವರು ಎದ್ದು ಕೂತ ಮೇಲೆ, ಜೊತೆಗೆ ಬಂದವರನ್ನೂ ಕೂರಿಸಿಕೊಂಡು ಹೇಳಬೇಕು. ಅಂಗಾತ ಮಲಗಿದವರಿಗೆ ಇಂಥ ಸುದ್ದಿ ಹೇಳಬಾರದು. ಏನು ಕಂಡಿತು, ಏನು ಕಾಣಲಿಲ್ಲ, ಯಾವುದು ಖಚಿತ, ಯಾವುದು ಅನುಮಾನ ಎಂದು ಬಿಡಿಸಿ ಹೇಳಬೇಕು. ಮೆದುಳಿನಲ್ಲಿ ದ್ರವ ತಯಾರಾಗುವ ಕೊರಾಯ್ಡ್ ಪ್ಲೆಕ್ಸಸ್‌ನಲ್ಲಿ ಸಣ್ಣ ನೀರ್ಗುಳ್ಳೆ, ಹೃದಯದಲ್ಲಿ ಹೊಳೆಯುವ ಚುಕ್ಕೆ ಇಂಥವನ್ನು ಬೇರೇನೂ ದೋಷವಿಲ್ಲದಿರುವಾಗ ದೊಡ್ಡದು ಮಾಡಿ ಹೆದರಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅಂಥ ಮಕ್ಕಳಲ್ಲಿ ಬಹುಪಾಲು ಪೂರ್ತಿ ಆರೋಗ್ಯವಾಗಿ ಹುಟ್ಟುತ್ತವೆ, ಆ ಗುಳ್ಳೆಗಳು ತಾವಾಗಿ ಮಾಯವಾಗುತ್ತವೆ.

ಚಿತ್ರ ಆಕಾರ ತೋರಿಸುತ್ತದೆ, ಕಾರಣ ತೋರಿಸುವುದಿಲ್ಲ. ಕಾರಣಕ್ಕೆ 15ನೇ ವಾರದ ನಂತರ ಗರ್ಭನೀರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಸ್ಕ್ಯಾನ್‌ನಲ್ಲಿ ದೋಷ ಕಂಡು, ಸಾಮಾನ್ಯ ಕ್ರೋಮೋಸೋಮ್ ಪರೀಕ್ಷೆ ಸರಿಯಾಗಿ ಬಂದ ಭ್ರೂಣಗಳಲ್ಲೂ, ಕ್ರೋಮೋಸೋಮಿನ ಸಣ್ಣ ತುಣುಕುಗಳ ಹೆಚ್ಚುಕಡಿಮೆಯನ್ನೂ ನೋಡುವ ಮೈಕ್ರೋಅರೇ ಪರೀಕ್ಷೆ ನೂರಕ್ಕೆ ಸುಮಾರು ಆರರಲ್ಲಿ ಮಹತ್ವದ ದೋಷ ಹಿಡಿಯುತ್ತದೆ ಎಂದು 2012ರ ದೊಡ್ಡ ಅಧ್ಯಯನವೊಂದು ತೋರಿಸಿತು. ಆಮೇಲೆ ಬಂದ, ಜೀನುಗಳ ಅಕ್ಷರಗಳನ್ನೇ ಓದುವ ಎಕ್ಸೋಮ್ ಪರೀಕ್ಷೆ ಇನ್ನಷ್ಟು ಮಂದಿಗೆ ಉತ್ತರ ಕೊಡುತ್ತಿದೆ. ಹಾಗಿದ್ದೂ ಕಾರಣ ಸಿಗದೆ ಉಳಿಯುವವರು ಬಹಳ. ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಬಸಿರು ಬೆಳೆಯುತ್ತದೆ, ಮಗು ಒದೆಯತೊಡಗುತ್ತದೆ.

ಚಿಕಿತ್ಸೆಗೂ ಅದರದೇ ವಾರಗಳಿವೆ. ಸ್ಪೈನಾ ಬೈಫಿಡಾದ ತೆರಪನ್ನು ಗರ್ಭದಲ್ಲೇ ಮುಚ್ಚಿದರೆ ಪ್ರಯೋಜನವಿದೆಯೇ ಎಂದು ನೋಡಿದ ಮಾಮ್ಸ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಪ್ರಯೋಜನ ಸ್ಪಷ್ಟವಾಗಿದ್ದರಿಂದ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಗಿತ್ತು. ತಲೆಯಲ್ಲಿ ತುಂಬುವ ನೀರನ್ನು ಹರಿಸಲು ಷಂಟ್ ಎಂಬ ಕೊಳವೆ ಹಾಕಬೇಕಾದ ಮಕ್ಕಳು, ಹುಟ್ಟಿದ ಮೇಲೆ ಆಪರೇಷನ್ ಆದವರಲ್ಲಿ ಶೇಕಡ 82, ಗರ್ಭದಲ್ಲೇ ಆದವರಲ್ಲಿ ಶೇಕಡ 40. ಅದಕ್ಕೆ ಬದಲಾಗಿ ಅವಧಿಗೆ ಮುಂಚಿನ ಹೆರಿಗೆ, ತಾಯಿಯ ಗರ್ಭಕೋಶದ ಗಾಯ ಇವೂ ಹೆಚ್ಚಿದವು. ಆ ಆಪರೇಷನ್ 26ನೇ ವಾರದ ಒಳಗೇ ಆಗಬೇಕು. ವಪೆಯ ಹರ್ನಿಯ ಎಡಗಡೆ ತೀವ್ರವಾಗಿದ್ದರೆ 27ರಿಂದ 29ನೇ ವಾರದ ನಡುವೆ ಮಗುವಿನ ಶ್ವಾಸನಾಳಕ್ಕೆ ಪುಟ್ಟ ಬಲೂನು ಇಟ್ಟು, 34ನೇ ವಾರಕ್ಕೆ ತೆಗೆದರೆ, ಬದುಕುವವರು ಶೇಕಡ 15ರಿಂದ 40ಕ್ಕೆ ಏರಿದರೆಂದು 2021ರಲ್ಲಿ ವರದಿಯಾಯಿತು. ಮೆದುಳಿನ ಆಳದಲ್ಲಿ ಅಪಧಮನಿಗಳು ನೇರವಾಗಿ ದೊಡ್ಡ ಸಿರೆಗೆ ಸುರಿದು ಹೃದಯವನ್ನು ದಣಿಸುವ ವೇನ್ ಆಫ್ ಗೇಲನ್ ದೋಷ ಸಾಮಾನ್ಯವಾಗಿ ಕಾಣುವುದೇ ಕೊನೆಯ ಮೂರು ತಿಂಗಳಲ್ಲಿ. ನಡುವೆ ಒಂದು ಕಪ್ಪು ಗುಳ್ಳೆ, ಡಾಪ್ಲರ್ ಹಾಕಿದ ಕೂಡಲೇ ಅದರೊಳಗೆ ಬಣ್ಣ ಸುಳಿಸುತ್ತುತ್ತದೆ. 2023ರಲ್ಲಿ ಬಾಸ್ಟನ್ನಿನ ವೈದ್ಯರು ಅಂಥ ಮಗುವೊಂದಕ್ಕೆ 34ನೇ ವಾರದಲ್ಲಿ, ಗರ್ಭದಲ್ಲಿದ್ದಾಗಲೇ, ಆ ನಾಳವನ್ನು ಒಳಗಿನಿಂದ ತುಂಬಿ ಚಿಕಿತ್ಸೆ ಮಾಡಿದರು. ತಡವಾಗಿ ಕಂಡದ್ದೆಲ್ಲ ವ್ಯರ್ಥ ಎಂದು ಹೇಳುವವರಿಗೆ ನಾನು ಈ ಮಗುವಿನ ಕಥೆ ಹೇಳುತ್ತೇನೆ.

ಚಿಕಿತ್ಸೆಯಿಲ್ಲದ, ಬದುಕುವ ಸಾಧ್ಯತೆಯೇ ಇಲ್ಲದ ದೋಷಗಳೂ ಇವೆ. ಬಸಿರು ಮುಂದುವರಿಸಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು, ಒಂದೊಂದು ಗಡುವು. ಕಾನೂನು ಬಿಡುವಷ್ಟು ಜಾಗದಲ್ಲಿ ಆ ತೀರ್ಮಾನ ತಂದೆತಾಯಿಯದು. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ನಾನು ಹೇಳುವುದಿಲ್ಲ. ತಪ್ಪಿಸಿಕೊಳ್ಳುವುದಕ್ಕಲ್ಲ, ನಾನು ಹೇಳಿದ ಮಾತು ಅವರ ಜೀವನದುದ್ದಕ್ಕೂ ಅವರದಲ್ಲದ ಭಾರವಾಗಿ ಉಳಿಯಬಾರದೆಂದು. ಮುಂದುವರಿಸುತ್ತೇವೆ, ಮಗು ಇರುವಷ್ಟು ಹೊತ್ತು ಎತ್ತಿಕೊಳ್ಳುತ್ತೇವೆ ಎನ್ನುವವರಿಗೂ, ಬೇಡ ಎನ್ನುವವರಿಗೂ ಒಂದೇ ಬಗೆಯ ಗೌರವದ ಆರೈಕೆ ಸಿಗಬೇಕು.

ಮಗು ಉಳಿಯದಿದ್ದಾಗ ಒಂದು ಕಷ್ಟದ ಮಾತನ್ನು ನಾನು ಎತ್ತುತ್ತೇನೆ. ಮಗುವನ್ನು ಪರೀಕ್ಷಿಸಲು ಬಿಡುತ್ತೀರಾ, ಎಕ್ಸ್‌ರೇ, ಜೀನ್ ಪರೀಕ್ಷೆ, ಒಪ್ಪುವುದಾದರೆ ಶವಪರೀಕ್ಷೆ. ಬೇಡ ಎಂದರೆ ಒತ್ತಾಯಿಸುವುದಿಲ್ಲ. ಆದರೆ ಯಾಕೆ ಕೇಳುತ್ತಿದ್ದೇನೆ ಎಂದು ತಿಳಿಸುತ್ತೇನೆ. ಸ್ಕ್ಯಾನ್‌ನಲ್ಲಿ ಕಂಡದ್ದು ಸರಿಯೇ ಎಂದು ತಾಳೆ ನೋಡುವುದು ಅಲ್ಲೇ. ಮುಂದಿನ ಬಸಿರಿನಲ್ಲಿ ಏನಾಗಬಹುದು ಎಂಬುದಕ್ಕೆ ಉತ್ತರ ಸಿಗುವುದೂ ಹೆಚ್ಚಾಗಿ ಅಲ್ಲೇ. ಥನಟೋಫೋರಿಕ್ ಎಂದು ಖಚಿತವಾದರೆ ಅದು ಮರುಕಳಿಸುವುದು ತೀರಾ ವಿರಳ ಎಂದು ಧೈರ್ಯ ಹೇಳಬಹುದು. ಮೆಕೆಲ್-ಗ್ರೂಬರ್ ಎಂದಾದರೆ ತಂದೆತಾಯಿಯ ಜೀನ್ ನೋಡಬೇಕು.

ಆಮೇಲೆ, ಅವರು ಮತ್ತೆ ಮಗು ಬೇಕೆಂದು ಬಂದಾಗ, ನಾವು ಒಟ್ಟಿಗೆ ಕೂತು ವಾರಗಳ ಪಟ್ಟಿ ಮಾಡುತ್ತೇವೆ. ಹಿಂದಿನ ಮಗುವಿಗೆ ನರನಾಳದ ದೋಷವಿದ್ದರೆ, ಬಸಿರಾಗುವ ಮೊದಲೇ ಹೆಚ್ಚಿನ ಪ್ರಮಾಣದ ಫೋಲಿಕ್ ಆಸಿಡ್ ಶುರು. ದಿನಕ್ಕೆ 4 ಮಿಲಿಗ್ರಾಂ ಕೊಟ್ಟರೆ ಮರುಕಳಿಸುವುದು ಶೇಕಡ 72ರಷ್ಟು ತಗ್ಗುತ್ತದೆ ಎಂದು 1991ರಲ್ಲೇ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ತೋರಿಸಿದೆ. 12ನೇ ವಾರದಲ್ಲಿ ಬುರುಡೆಯ ಬಿಳಿ ಗೆರೆ, 16ರಲ್ಲಿ ತಲೆಯ ಆಕಾರ ಮತ್ತು ಕಿರುಮೆದುಳು, 20ರಲ್ಲಿ ಬೆನ್ನಿನ ಪ್ರತಿಯೊಂದು ಮೂಳೆ. ಮೆಕೆಲ್-ಗ್ರೂಬರ್ ಇದ್ದ ಮನೆಯವರಿಗೆ 12-13ನೇ ವಾರ, ಬೆರಳು ಎಣಿಸುವುದಕ್ಕೆ. ಮೆದುಳಿನ ಮಡಿಕೆಗಳ ತೊಂದರೆ ಇದ್ದವರಿಗೆ ಏಳನೇ ತಿಂಗಳ ನಂತರ ಇನ್ನೊಮ್ಮೆ, ಬೇಕಾದರೆ ಎಂಆರ್‌ಐ ಜೊತೆಗೆ. ಯಾವ ವಾರದಲ್ಲಿ ಏನನ್ನು ಹುಡುಕುತ್ತೇವೆ, ಆ ವಾರ ಸರಿಯಿದೆ ಎಂದರೆ ಏನು ಖಚಿತವಾಯಿತು, ಏನು ಇನ್ನೂ ಖಚಿತವಾಗಿಲ್ಲ ಎಂದು ಎದುರಿಗೇ ಬರೆದು ಕೊಡುತ್ತೇನೆ. ಎಷ್ಟೋ ತಾಯಂದಿರು ಆ ಹಾಳೆಯನ್ನು ಫೈಲಿನ ಮೇಲ್ಗಡೆಯೇ ಇಟ್ಟುಕೊಂಡು, ಪ್ರತಿ ಸಲ ಬಂದಾಗ ಆ ವಾರದ ಸಾಲಿಗೆ ಬೆರಳಿಟ್ಟು ಕೇಳುತ್ತಾರೆ, "ಡಾಕ್ಟ್ರೇ, ಇವತ್ತು ಇದು ತಾನೇ?"